ಭಾವ ತುಂಬಿಸಿದ ಬಾಟಲಿ

“ಭಾವ, ನನ್ನ ಬದಲು ನೀವು ಇದನ್ನ ತುಂಬಿಸಿ ಕೊಡ್ಬೇಕು,” ಎಂದು ದರ್ಜಿ ತನ್ನ ಹೆಸರಿನ ಚೀಟಿ ಅಂಟಿಸಿದ ಪುಟ್ಟ ಬಾಟಲಿಯನ್ನು ಅಕ್ಕನ ಗಂಡನ ಕೈಗೆ ತುರುಕಿದ. ಲ್ಯಾಬಿನ ಪಕ್ಕದ ಶೌಚಾಲಯದಲ್ಲಿ ಇಬ್ಬರೇ ಇದ್ದರು. ಅಕ್ಕ ಹೊರಗೆ ಫೈಲು ಹಿಡಿದು ಕೂತಿದ್ದಳು.

ಭಾವ ವೆಲ್ಡಿಂಗ್ ಕೆಲಸದವನು. ಗಟ್ಟಿ ಆಳು, ಐವತ್ತಾದರೂ ತನಗೆಂದು ಒಮ್ಮೆಯೂ ಆಸ್ಪತ್ರೆಯ ಮೆಟ್ಟಿಲು ಹತ್ತಿದವನಲ್ಲ. “ತಲೆ ಕೆಟ್ಟಿದ್ಯೇನೋ ನಿಂಗೆ?”

“ಹೋದ ತಿಂಗಳು ನನ್ನ ಮೂತ್ರದಲ್ಲಿ ಪ್ರೋಟೀನ್ ಬಂದಿತ್ತು. ರಕ್ತ ಚೆನ್ನಾಗಿದ್ರೂ ಮೊದಲು ಸುಳಿವು ಕೊಡೋದು ಇದೇ ಅಂತೆ. ಹೀಗೇ ಸೋರ್ತಿದ್ರೆ ಅಕ್ಕ ಕೊಟ್ಟ ಕಿಡ್ನಿ ಜಾಸ್ತಿ ವರ್ಷ ಬಾಳಲ್ಲ ಅಂದ್ರು ಡಾಕ್ಟ್ರು. ಅಕ್ಕಂಗೆ ಹೇಳಿಲ್ಲ. ಇವತ್ತು ನೋಡಿದ್ರೆ, ನಾನೂ ಒಳಗೆ ಬರ್ತೀನಿ ಅಂತ ಹಠ ಹಿಡಿದಿದ್ದಾಳೆ. ಇದೊಂದ್ಸಲ, ಭಾವ. ಮುಂದಿನ ವಾರ ನಾನೊಬ್ಬನೇ ಬಂದು ಡಾಕ್ಟ್ರಿಗೆ ನಿಜ ಹೇಳ್ತೀನಿ.”

ಭಾವ ಬಾಟಲಿಯನ್ನು ತಿರುಗಿಸಿ ನೋಡಿದ. ನಾಲ್ಕು ವರ್ಷದ ಹಿಂದೆ ಹೆಂಡತಿ ತಮ್ಮನಿಗೆ ಕಿಡ್ನಿ ಕೊಡಲು ಹೊರಟಾಗ ಅವನ ಕಡೆಯವರೆಲ್ಲ ಬೇಡವೆಂದು ಕೂತಿದ್ದರು. ಎರಡನೇ ಮಾತಿಲ್ಲದೆ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದವನು ಅವನೇ. “ಹೆಂಡ್ತಿ ಅಂಥಾದ್ದನ್ನೇ ಕೊಟ್ಟಳು. ನಾನು ಇಷ್ಟೂ ಕೊಡದಿದ್ರೆ ಹೇಗೋ?” ಎಂದು ನಕ್ಕು ಬಾಗಿಲು ಹಾಕಿಕೊಂಡ.

ಮಧ್ಯಾಹ್ನ ವರದಿ ಬಂತು. ಅಕ್ಕ ತಮ್ಮ ಇಬ್ಬರೂ ಒಳಗೆ ಹೋದರು. ಡಾಕ್ಟರು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಹೋಲಿಸಿ ನೋಡಿದರು.

“ಬೆಳಿಗ್ಗೆ ತೆಗೆದ ರಕ್ತದಲ್ಲಿ ಸಕ್ಕರೆ ಸರಿಯಾಗೇ ಇದೆ. ಮೂತ್ರದಲ್ಲಿ ನೋಡಿದ್ರೆ ಸಕ್ಕರೆ ತುಂಬಿ ಹೋಗಿದೆ. ಪ್ರೋಟೀನ್ ಬೇರೆ ಹೋದ ತಿಂಗಳಿನ ನಾಲ್ಕು ಪಟ್ಟು.” ಅವರು ಕನ್ನಡಕ ತೆಗೆದರು. “ಇದು ನಿಮ್ಮ ಮೂತ್ರ ಅಲ್ಲ. ಯಾರದು?”

“ಹೋದ ತಿಂಗಳೂ ಇತ್ತಾ?” ಅಕ್ಕ ತಮ್ಮನತ್ತ ತಿರುಗಿದಳು.

ಅವನು ಏನಾದರೊಂದು ಸುಳ್ಳು ಹೇಳಿ ಇನ್ನೊಂದು ಬಾಟಲಿ ಕೇಳಿ ಪಡೆಯಬಹುದಿತ್ತು. ಆದರೆ ಹೊರಗೆ ಬೆಂಚಿನ ಮೇಲೆ ಕೂತವನಿಗೆ ಈ ಸುದ್ದಿಯನ್ನು ಇನ್ಯಾರು ಮುಟ್ಟಿಸುತ್ತಾರೆ?

“ಕೇಳ್ತಿದ್ದಾರಲ್ಲ, ಹೇಳೋ. ಯಾರದು?”

“ಭಾವಂದು, ಅಕ್ಕ.”

ಅಕ್ಕ ಎದ್ದು ಹೋಗಿ ಗಂಡನನ್ನು ಕರೆತಂದಳು. ಬೈಗುಳ ತಿನ್ನುವ ಮುಖ ಮಾಡಿಕೊಂಡು ಅವನು ಬಂದ. ಡಾಕ್ಟರು ಬೈಯಲಿಲ್ಲ. ಅವನನ್ನು ಕೂರಿಸಿ, ಪ್ಯಾಂಟಿನ ಅಂಚು ಮೇಲೆತ್ತಿ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಬಿದ್ದ ಗುಂಡಿ ಹಾಗೇ ಉಳಿಯಿತು.

“ಎಷ್ಟು ದಿನದಿಂದ ಊತ?”

“ಊತ ಅಂತ ಗೊತ್ತೇ ಇಲ್ಲ ಡಾಕ್ಟ್ರೇ. ಬೂಟು ಬಿಗಿಯಾಯ್ತು ಅಂತ ಒಂದು ನಂಬರ್ ದೊಡ್ಡದು ತಗೊಂಡೆ.”

ಸಕ್ಕರೆ ಕಾಯಿಲೆ ಹಳೆಯದೇ ಇರಬೇಕು, ಎರಡೂ ಕಿಡ್ನಿಗೆ ಪೆಟ್ಟು ಬಿದ್ದ ಹಾಗಿದೆ ಎಂದರು ಡಾಕ್ಟರು. ಇವತ್ತೇ ಅವನ ರಕ್ತ ಪರೀಕ್ಷೆಯಾಗಬೇಕು. ತಮ್ಮ ತನ್ನದೇ ಮೂತ್ರ ಕೊಡಬೇಕು. ಕಿಡ್ನಿಯ ಚೂರು ತೆಗೆದು ನೋಡಬೇಕಾಗಿಯೂ ಬರಬಹುದು. ಇಬ್ಬರ ಹೆಸರಲ್ಲೂ ಚೀಟಿ ಬರೆದು, ಅಕ್ಕನ ಮುಖ ನೋಡಿ ದನಿ ತಗ್ಗಿಸಿದರು. “ಹೆದರ್ಬೇಡಿಮ್ಮ. ಇಬ್ಬರಿಗೂ ಔಷಧಿ ಇದೆ. ಈಗಲೇ ಏನೂ ಮುಗಿದು ಹೋಗಿಲ್ಲ.”

ಅಕ್ಕ ಎರಡೂ ಚೀಟಿ ತೆಗೆದುಕೊಂಡಳು. ಗಂಡನ ಕಡೆ ನೋಡಲಿಲ್ಲ, ತಮ್ಮನ ಕಡೆಯೂ ನೋಡಲಿಲ್ಲ.

“ನನ್ನ ಹತ್ರ ಇನ್ನು ಉಳಿದಿರೋದು ಒಂದೇ, ಡಾಕ್ಟ್ರೇ,” ಎಂದಳು.