ಇಂಗ್ಲಿಷಿನಲ್ಲೇ ಹೇಳು

ಬಟ್ಟೆ ವಿನ್ಯಾಸ ಕಲಿಯುವ ಹುಡುಗಿಯರಿಗೆ ತಮ್ಮ ಕೆಲಸದ ಇಂಗ್ಲಿಷ್ ಕಲಿಸುವ ತರಗತಿ ಅದು. ಓಡುತ್ತಿದ್ದ ನೂಲು ಸುತ್ತುವ ಯಂತ್ರಕ್ಕೆ ಬೆನ್ನು ಮಾಡಿ ನಿಂತ ಮೇಡಂ ಒಬ್ಬಳನ್ನು ಎದುರಿಗೆ ಕರೆದರು.

“ಈ ಮಷಿನ್ ಹೆಂಗ ನಡೀತದ, ಇಂಗ್ಲಿಷಿನ್ಯಾಗ ಹೇಳು. ಇವತ್ತೂ ಹೇಳಲಿಲ್ಲಂದ್ರ ಪರೀಕ್ಷಾಕ್ಕ ಕುಂದ್ರಸಂಗಿಲ್ಲ.”

ಹುಡುಗಿಯ ಮುಖ ಬಿಳಿಚಿಕೊಂಡಿತು. “ಮೇಡಂ, ಅದು...”

“ಕನ್ನಡ ಬ್ಯಾಡ!”

ಅವಳು ಯಂತ್ರವನ್ನೇ ನೋಡುತ್ತ ನಿಂತಳು.

“ಆಕಿಗೆ ಇಂಗ್ಲಿಷ್ ಅಂದ್ರ ದೆವ್ವ ಕಂಡಂಗ್ರೀ ಮೇಡಂ!” ಗೆಳತಿಯರು ಅವಳನ್ನೇ ನೋಡಿ ನಕ್ಕರು.

“ಯಪ್ಪಾ ಶಿವನ!” ಎನ್ನುತ್ತ ಹುಡುಗಿ ಓಡಿಹೋಗಿ ಸ್ವಿಚ್ ಆರಿಸಿಬಿಟ್ಟಳು.

“ಉತ್ತರ ಬರದಿದ್ರ ಮಷಿನ್ನ ಬಂದ್ ಮಾಡೂದೇನ? ನಡಿ ಹೊರಗ!”

ಮೇಡಂ ಸಿಟ್ಟಿನಿಂದ ಮುಂದೆ ಹೆಜ್ಜೆಯಿಟ್ಟರು. ಕೊರಳಲ್ಲಿದ್ದ ವೇಲು ಅವರನ್ನು ಹಿಂದಕ್ಕೆ ಜಗ್ಗಿತು. ಅದರ ತುದಿ ಆಗಲೇ ಯಂತ್ರದ ಗಾಲಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು.