ಎರಡನೆಯ ಕೂಪನ್

ನಡುರಾತ್ರಿ ಅಡುಗೆಮನೆಯ ಗೋಡೆಯಲ್ಲಿದ್ದ ಯಂತ್ರ ಟಿಕ್ ಎಂದಿತು. ಮನೆಯಲ್ಲಿ ಮಲಗಿದವರ ಉಸಿರನ್ನು ಎಣಿಸಿ, ತಲೆಗೊಂದರಂತೆ ದಿನಸಿ ಅಂಗಡಿಯ ರಿಯಾಯಿತಿ ಕೂಪನ್ ಕೊಡುವುದು ಅದರ ಕೆಲಸ. ಅಕ್ಕ ತೀರಿಕೊಂಡ ಮೇಲೆ ತನ್ನೊಬ್ಬಳ ಸಂಬಳದಲ್ಲಿ ಮನೆ ತೂಗಿಸಲಾಗದೆ ಸುನೀತಿ ನಿನ್ನೆಯಷ್ಟೇ ಅದನ್ನು ಹಾಕಿಸಿಕೊಂಡಿದ್ದಳು.

ಮನೆಯಲ್ಲಿ ಈಗ ಇರುವವಳು ಅವಳೊಬ್ಬಳೇ. ಆದರೆ ಬೆಳಿಗ್ಗೆ ನೋಡಿದರೆ ಎರಡು ಕೂಪನ್‌ಗಳಿದ್ದವು. ಒಂದರಲ್ಲಿ ಅಕ್ಕಿ, ಬೇಳೆ. ಇನ್ನೊಂದರಲ್ಲೂ ಅದೇ ಅಕ್ಕಿ, ಬೇಳೆ. ಜೊತೆಗೆ, ರಾತ್ರಿ ಕೆಮ್ಮಿದವರಿಗೆ ಮಾತ್ರ ಕೊಡುವ ಜ್ಯೇಷ್ಠಮಧು. ಸುನೀತಿ ಒಮ್ಮೆಯೂ ಕೆಮ್ಮಿರಲಿಲ್ಲ. ವರ್ಷವಿಡೀ ಕೆಮ್ಮುತ್ತಿದ್ದವಳು ಅಕ್ಕ.

ಅಷ್ಟರಲ್ಲಿ ಎದುರುಮನೆಯ ನೀಲವ್ವ ಬಾಗಿಲಿಗೆ ಬಂದಳು.

"ಎಷ್ಟು ಬಂದಾವ್ರಿ ಟೀಚರ್? ನಮ್ಮ ಮನ್ಯಾವ್ರ ಗೊರಕಿಗೆ ಎರಡರ ಬರ್ತಾವ ಅನ್ಕೊಂಡಿದ್ದೆ, ಅವರ ಪಾಲಿಗೆ ಒಂದ ಬಂತು ನೋಡ್ರಿ!"

"ಹೆಚ್ಚಿಗಿ ಬಂದ್ರ ಏನ್ ಮಾಡ್ತಾರ್ರಿ, ನೀಲವ್ವಾರ?"

"ಮಶೀನ್ ಹಾಕಿದವರಿಗೆ ಫೋನ್ ಮಾಡಿ ಹೇಳಿಬಿಡಬೇಕ್ರಿ. ಅವರ ಬಂದು ಆ ತಪ್ಪು ಉಸಿರು ಅಳಿಸಿ ಹೋಗ್ತಾರ. ಮತ್ತ ಬರಂಗಿಲ್ಲ."

ಸುನೀತಿ ಎರಡನೆಯ ಕೂಪನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನನಗೂ ಒಂದ ಬಂದೈತ್ರಿ" ಎಂದಳು.

ನೀಲವ್ವ ಹೋದ ಮೇಲೆ ಅವಳು ಬಹಳ ಹೊತ್ತು ಉಸಿರು ಬಿಗಿಹಿಡಿದು ಆಲಿಸಿದಳು. ಏನೂ ಕೇಳಿಸಲಿಲ್ಲ. ಹೆದರಿಕೆ ಇದ್ದೇ ಇತ್ತು. ಆದರೂ ಅಕ್ಕನ ಕೋಣೆಯ ಬಾಗಿಲನ್ನು ಅರ್ಧ ತೆರೆದಿಟ್ಟಳು. ಇದನ್ನು ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ ನಿಂತು ನಿಶ್ಚಯಿಸಿದಳು.