ಬ್ಯಾಡಗಿಯಿಂದ ಬಂದ ಮೂವರು

"ಅದನ್ನ ಮುಟ್ಟಬ್ಯಾಡ್ರಿ," ಎಂದಳು ಮಹೇಶ್ವರಿ.

ಮೈಲಾರಪ್ಪ ಬೆಂಕಿ ತಾಗಿದವನಂತೆ ಕೈ ಹಿಂದೆಳೆದುಕೊಂಡ. ಹಿತ್ತಲ ಗೇಟು ದಾಟಿ ಎರಡು ನಿಮಿಷವಾಗಿಲ್ಲ, ಆಗಲೇ ಮೇಜಿನ ಮೇಲಿನ ಗಾಜಿಗೆ ಬೆರಳು! ಜೊತೆಗೆ ಬಂದ ಹಿರಿಯ ಹಾಲೇಶಪ್ಪ ರುಮಾಲು ಸರಿಮಾಡಿಕೊಳ್ಳುತ್ತ ತಗಡಿನ ಚಾವಣಿ ನೋಡುತ್ತಿದ್ದ. ಜಯವ್ವ ಎಂಬ ಹೆಂಗಸು ಭಟ್ಟಿ ಬಿಟ್ಟು ಮಹೇಶ್ವರಿಯನ್ನೇ ನೋಡುತ್ತಿದ್ದಳು. ಬ್ಯಾಡಗಿಯಿಂದ ಬಂದೇವ್ರಿ ಎಂದು ಹೆಸರು ಹೇಳಿದ್ದೇ ತಡ, ಮುಂದಿನ ಮಾತಿಗೆ ಎಡೆ ಕೊಡದೆ ಮಹೇಶ್ವರಿ ಮೂವರನ್ನೂ ಶೆಡ್ಡಿನೊಳಗೆ ಕರೆದಿದ್ದಳು. ಇಂಥವರನ್ನು ಆರಿಸಿ ಕಳಿಸಿದವರ ತಲೆಯಲ್ಲಿ ಅದೇನಿತ್ತೋ ಎಂದು ಈಗ ಅನ್ನಿಸುತ್ತಿತ್ತು.

ಬ್ಯಾಡಗಿಯ ಮಹಿಳಾ ಸಂಘವೊಂದು ಗಾಜು ಬೆಸೆದು ತಟ್ಟೆ, ದೀಪ, ಕಿವಿಯೋಲೆ ಮಾಡುವ ಘಟಕ ತೆರೆಯಲಿತ್ತು. ಭಟ್ಟಿ, ಸಾಮಾನು, ಗಾಜು ಎಲ್ಲ ಆರಿಸಿಕೊಟ್ಟು ನಲವತ್ತು ಹೆಂಗಸರಿಗೆ ಕೆಲಸ ಕಲಿಸಲು ಒಬ್ಬರು ಬೇಕಾಗಿದ್ದರು. ಕೊನೆಗೆ ಉಳಿದವರು ಇಬ್ಬರು: ರಾಣೆಬೆನ್ನೂರಿನ ಮಹೇಶ್ವರಿ, ಹಾವೇರಿಯ ಇನ್ನೊಬ್ಬಳು. ಇವತ್ತು ಹನ್ನೊಂದಕ್ಕೆ ಸಂಘದ ಮೂವರು ಬಂದು ನೋಡುತ್ತಾರೆ, ಸಂಜೆಯೊಳಗೆ ತೀರ್ಮಾನ ಎಂದು ಪತ್ರ ಬಂದಿತ್ತು. ಕೆಲಸ ಸಿಕ್ಕರೆ ಅಣ್ಣನ ಮನೆಗೆ ಕೈಮುಗಿದು ಹೊರಟುಬಿಡಬಹುದು. ಸಿಗದಿದ್ದರೆ ಇದೇ ಶೆಡ್ಡು, ಇದೇ ಅಣ್ಣ.

ಆ ಅಣ್ಣನೋ, ಹೇಳತೀರದು. ಫಕ್ಕೀರಪ್ಪನಿಗೆ ತಂಗಿಯ ಕೆಲಸವೆಂದರೆ ಕರೆಂಟು ಸುಡುವ ಹುಚ್ಚು. ಭಟ್ಟಿ ಮಾರು ಎಂದು ಅವನು ಕೂಗಾಡಿದ ದಿನದಿಂದ ಇಬ್ಬರಿಗೂ ಮಾತಿಲ್ಲ. ಅಂಥವನು ಇವತ್ತು ಬೆಳಿಗ್ಗೆಯೇ ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಯಿಂದ ಶಿರಾ ಮಾಡಿಸಿ, ಮುಂದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿಕೊಂಡು ಕೂತಿದ್ದ. ಪತ್ರ ಬಂದ ಸುದ್ದಿ ಅವನ ಕಿವಿಗೂ ಬಿದ್ದಿರಬೇಕು. ತಂಗಿ ಗೆಲ್ಲುವಂತೆ ಕಂಡರೆ ಸಾಕು, ಅಣ್ಣ ಅನ್ನಿಸಿಕೊಳ್ಳಲು ಓಡಿ ಬರುತ್ತಾನೆ, ನಾಚಿಕೆಗೆಟ್ಟವನು.

"ಭಟ್ಟಿ ಆರಿಸೂದು ಅಂದ್ರ ಎಮ್ಮಿ ಆರಿಸಿದಂಗಲ್ರಿ," ಎಂದು ಅವಳು ಶುರುಮಾಡಿದಳು.

ಮಡಕೆಯ ಭಟ್ಟಿಗೆ ಕಾವು ಪಕ್ಕದಿಂದ ಬಂದರೆ ನಡೆಯುತ್ತದೆ, ಗಾಜಿಗೆ ಮೇಲಿನಿಂದಲೇ ಸಮನಾಗಿ ಬೀಳಬೇಕು ಎಂದು ಮುಚ್ಚಳ ಎತ್ತಿ ತೋರಿಸಿದಳು. ಎಂಟು ನೂರು ಡಿಗ್ರಿ ಏರಿಸುವುದು ದೊಡ್ಡದಲ್ಲ, ತಾಸುಗಟ್ಟಲೆ ಹದವಾಗಿ ಇಳಿಸುವುದು ದೊಡ್ಡದು. ಅದಕ್ಕೇ ಒಳ್ಳೆಯ ಕಂಟ್ರೋಲರ್ ಬೇಕು, ಅಲ್ಲಿ ಜಿಪುಣತನ ಮಾಡಿದರೆ ಕೆಟ್ಟಿರಿ. ಒಳಗಿನ ಹಲಗೆಗೆ ಬಿಳಿ ಪುಡಿ ಕಲಸಿ ಬಳಿಯದಿದ್ದರೆ ಗಾಜು ಅಲ್ಲಿಯೇ ಅಂಟಿ ಕೂರುತ್ತದೆ. ಕಟರ್ ಎಳೆದು, ಇಕ್ಕಳದಿಂದ ಹಿಡಿದು, ನೀಲಿ ಗಾಜನ್ನು ಟಕ್ಕನೆ ಎರಡು ಮಾಡಿದಳು. ಹಾಲೇಶಪ್ಪ ಪುರಾಣ ಕೇಳಿದಂತೆ ತಲೆಯಾಡಿಸಿದ. ಒಂದಕ್ಷರವೂ ತಲೆಗೆ ಹೋಗಿಲ್ಲವೆಂದು ಅವಳಿಗೆ ಗೊತ್ತಾಗುತ್ತಿತ್ತು.

ಕಿಟಕಿ ಗಾಜು, ಬಾಟಲಿ ಗಾಜು ಎಂದು ಸಿಕ್ಕಿದ್ದನ್ನೆಲ್ಲ ಕೂಡಿಸಿದರೆ ಬಿಸಿಯಲ್ಲಿ ಒಂದಾದಂತೆ ಕಾಣುತ್ತವೆ, ಆರಿದ ಮೇಲೆ ಸಿಡಿಯುತ್ತವೆ ಎಂದಳು.

"ಹೊಂದತಾವೋ ಇಲ್ಲೋ ಮೊದಲ ಹೆಂಗ ತಿಳೀಬೇಕವ್ವಾ?" ಜಯವ್ವ ಕೇಳಿದಳು.

ಅಬ್ಬಾ, ಒಂದಾದರೂ ನೆಟ್ಟಗಿನ ಪ್ರಶ್ನೆ! ಸಣ್ಣ ಚೂರುಗಳನ್ನು ಬೆಸೆದು ಪರೀಕ್ಷೆ ಮಾಡಬೇಕು ಎಂದು ಮಹೇಶ್ವರಿ ಹೇಳಿದಳು. ಆದರೆ ಆಮೇಲೆ ಜಯವ್ವ ಮತ್ತೆ ತನ್ನ ದಾರಿಗೇ ಬಂದಳು. ದಿನಾ ಎಷ್ಟಕ್ಕೆ ಏಳುತ್ತಿ, ಸಿಟ್ಟು ಬೇಗ ಬರುತ್ತದೇನು, ನಾಲ್ಕು ಜನರೊಂದಿಗೆ ಹೊಂದಿಕೊಂಡು ಹೋಗುತ್ತೀಯಾ ಎಂದು ವಿಚಾರಿಸಿದಳು. ನಾಲ್ಕಲ್ಲ, ನಲವತ್ತು ಜನರನ್ನು ಸಂಭಾಳಿಸುತ್ತೇನೆ ಎಂದಳು ಮಹೇಶ್ವರಿ. ಜಯವ್ವ ಅವಳ ಅಂಗೈ ಹಿಡಿದು ಹಳೆಯ ಗಾಯಗಳ ಮೇಲೆ ಬೆರಳಾಡಿಸಿದಳು. ಕೈ ಕಿತ್ತುಕೊಳ್ಳುವಷ್ಟು ಹೇಸಿಗೆಯಾಯಿತು. ಕೆಲಸ ನೋಡಲು ಬಂದವಳು ಕೈ ನೋಡುತ್ತ ಕೂತರೆ ಏನನ್ನಬೇಕು?

ಕೊನೆಗೆ ಮೈಲಾರಪ್ಪನೂ ಒಂದು ಪ್ರಶ್ನೆ ಕೇಳಿದ.

"ಈ ಕೆಲಸ ಮುಂದ ಬಿಡೂದಿಲ್ಲಲ್ಲ?"

"ಸಾಯೂತನಕ ಬಿಡೂದಿಲ್ಲ."

ಅವನು ನಕ್ಕ. ದಡ್ಡರು ನಗುವುದಕ್ಕೆ ಕಾರಣ ಬೇಕಾಗಿಲ್ಲ.

ಹಾಲೇಶಪ್ಪ ಉಳಿದಿಬ್ಬರ ಮುಖ ನೋಡಿ ಎದ್ದ. "ನಮಗ ಒಪ್ಪಿಗಿ ಐತಿ. ಮುಂದಿನ ಮಾತು ನಿಮ್ಮಣ್ಣಾರ ಕೂಡ ಆಡ್ತೇವಿ."

ಅಣ್ಣನ ಕೂಡ! ಅವಳ ಮೈಯೆಲ್ಲ ಉರಿಯಿತು. ಕೆಲಸ ಹೆಣ್ಣಿನದು, ಮಾತು ಮಾತ್ರ ಗಂಡಸಿನ ಜೊತೆ. ಆದರೂ ನುಂಗಿಕೊಂಡಳು. ಒಪ್ಪಿಗೆ ಎಂದಿದ್ದರಲ್ಲ, ಅಷ್ಟು ಸಾಕು. ಖುಷಿಯಿಂದ ಕಾಲು ನೆಲದ ಮೇಲೆ ನಿಲ್ಲದೆ, ಮೂವರನ್ನೂ ಅಡಿಗೆಮನೆಯ ಬಾಗಿಲಿನಿಂದ ಪಡಸಾಲೆಗೆ ಕರೆತಂದಳು.

ಫಕ್ಕೀರಪ್ಪ ಹೊಟ್ಟೆ ನೀವಿಕೊಳ್ಳುತ್ತ ಕೂತಿದ್ದ. ಜಮಖಾನೆಯ ಮೇಲೆ ಅರ್ಧ ತಿಂದ ಮೂರು ಶಿರಾ ತಟ್ಟೆಗಳಿದ್ದವು. ತಂಗಿಯ ಬೆನ್ನ ಹಿಂದಿನವರನ್ನು ಕಂಡು, ಇವರ್ಯಾರು ಎಂದು ಹುಬ್ಬು ಗಂಟಿಕ್ಕಿದ.

ಹಾಲೇಶಪ್ಪ ಕೈಮುಗಿದ. "ಫೋನಿನ್ಯಾಗ ಮಾತಾಡಿದವರು ನಾವರೀ. ಹಿತ್ತಲ ಗೇಟಿಗೆ ಹುಡುಗಿ ಹೆಸರಿನ ಬೋರ್ಡ್ ಇತ್ತು, ಅಲ್ಲಿಂದನ ಬಂದ್ವಿ. ಹೆಣ್ಣು ನೋಡಿದ್ದಾತು, ಕೈಗೆಲಸಾನೂ ನೋಡಿದ್ವಿ. ನಮ್ಮ ಹುಡುಗಗ ಮನಸ್ಸಿಗೆ ಬಂದಾಳ."

ಫಕ್ಕೀರಪ್ಪ ಒಮ್ಮೆ ಮೈಲಾರಪ್ಪನನ್ನು, ಒಮ್ಮೆ ತೆರೆದ ಮುಂಬಾಗಿಲನ್ನು ನೋಡಿದ.

"ಮತ್ತ ಈಗ ಹೋದ ಬ್ಯಾಡಗಿಯವರು ಯಾರು?" ಎಂದ. "ನಮ್ಮ ಹುಡುಗಿ ಇನ್ನ ಗಾಜು ಮುಟ್ಟೂದಿಲ್ಲ, ಭಟ್ಟಿ ಮಾರಿಬಿಡ್ತೇವಿ ಅಂತ ನಾ ದೇವರಾಣಿ ಮಾಡಿ ಹೇಳಿದ್ದಕ್ಕ, ಹಂಗಾರ ಹಾವೇರಿಯಾಕಿನ್ನ ಗಟ್ಟಿ ಮಾಡ್ತೇವಿ ಅಂತ ಎದ್ದು ಹೋದ್ರಲ್ಲ!"